ಟ್ರೈಲರಿನ ಟೈರು ಮತ್ತು ಗಾಲಿಗಳ ಸುರಕ್ಷಿತ ಆಯ್ಕೆ

ಗ್ರಾಮ ಪಂಚಾಯಿತಿ ಸದಸ್ಯರಿಗಾಗಿ ಅಧ್ಯಯನ ಪಾಠ

ಪಾಠದ ಉದ್ದೇಶ: ನೀರಿನ ಟ್ಯಾಂಕರ್, ತ್ಯಾಜ್ಯ ಸಾಗಣೆ ಹಾಗೂ ಕಾಮಗಾರಿ ಸಾಮಗ್ರಿ ಸಾಗಣೆಗೆ ಬಳಸುವ ಟ್ರ್ಯಾಕ್ಟರ್ ಟ್ರೈಲರುಗಳಿಗೆ ಟೈರು ಮತ್ತು ಗಾಲಿಗಳನ್ನು ಖರೀದಿಸುವ ಮುನ್ನ ಸದಸ್ಯರು ಕೇಳಬೇಕಾದ ಪ್ರಶ್ನೆಗಳನ್ನೂ ಮಾಡಬೇಕಾದ ಲೆಕ್ಕವನ್ನೂ ತಿಳಿಸುವುದು.

1. ವಿಷಯದ ಅಗತ್ಯ

ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿದಾಗ ಅನೇಕ ಗ್ರಾಮಗಳ ಕುಡಿಯುವ ನೀರು ಟ್ಯಾಂಕರಿನ ಮೇಲೆ ಬರುತ್ತದೆ. ಈ ಟ್ಯಾಂಕರು ಶಾಲೆಯ ಮುಂದೆ, ಅಂಗನವಾಡಿಯ ಪಕ್ಕದಲ್ಲಿ, ಕೊಡ ಹಿಡಿದು ಸಾಲುಗಟ್ಟಿ ನಿಂತವರ ನಡುವೆ ಹಾದುಹೋಗುತ್ತದೆ. ಅದರ ಒಂದು ಟೈರು ಸಿಡಿದರೆ ಅಥವಾ ಒಂದು ಗಾಲಿ ಕಳಚಿದರೆ ಆಗುವ ನಷ್ಟವು ಟೈರಿನ ಬೆಲೆಗೆ ಸೀಮಿತವಾಗಿರುವುದಿಲ್ಲ. ಮನುಷ್ಯರ ಜೀವಕ್ಕೆ ಅಪಾಯವಾಗಬಹುದು. ಒಂದು ಜನವಸತಿಗೆ ಆ ದಿನದ ನೀರು ತಪ್ಪುವುದಂತೂ ಖಚಿತ.

ಆದಾಗ್ಯೂ ಟೈರಿನ ಖರೀದಿಯು ಪಂಚಾಯಿತಿ ಸಭೆಯ ಮುಂದೆ ಸಾಮಾನ್ಯವಾಗಿ ಒಂದೇ ಸಾಲಿನಲ್ಲಿ ಬರುತ್ತದೆ: "ಟ್ರೈಲರಿಗೆ ಟೈರು ಖರೀದಿ, ಮೊತ್ತ ಇಷ್ಟು." ಎಂತಹ ಟೈರು, ಎಷ್ಟು ಭಾರಕ್ಕೆ, ಯಾವ ರಿಮ್ಮಿಗೆ ಎಂಬ ವಿವರಗಳು ಅದರಲ್ಲಿ ಇರುವುದಿಲ್ಲ. ವಿವರವಿಲ್ಲದಿದ್ದಾಗ ಬೆಲೆಯೊಂದೇ ಹೋಲಿಕೆಯ ಆಧಾರವಾಗುತ್ತದೆ. ಕಡಿಮೆ ಭಾರ ಹೊರುವ ಟೈರು ಕಡಿಮೆ ಬೆಲೆಗೆ ದೊರೆಯುವುದು ಸಹಜವಾದುದರಿಂದ, ವಿವರವಿಲ್ಲದ ದರಪಟ್ಟಿಯಲ್ಲಿ ದುರ್ಬಲ ಟೈರೇ ಗೆಲ್ಲುವ ಸಾಧ್ಯತೆ ಹೆಚ್ಚು.

ಈ ಪಾಠದ ಸಾರವನ್ನು ಒಂದು ವಾಕ್ಯದಲ್ಲಿ ಹೇಳಬಹುದು: ಮೊದಲು ತೂಕ, ಅನಂತರ ಟೈರು, ಕೊನೆಗೆ ಬೆಲೆ. ಈ ಕ್ರಮವನ್ನು ಅನುಸರಿಸಲು ತಾಂತ್ರಿಕ ಪದವಿಯ ಅಗತ್ಯವಿಲ್ಲ. ಕೂಡುವುದು, ಭಾಗಿಸುವುದು ಮತ್ತು ಟೈರಿನ ಮೇಲಿನ ಬರಹವನ್ನು ಓದುವುದು ತಿಳಿದಿದ್ದರೆ ಸಾಕು.

2. ತೂಕವನ್ನು ನಿರ್ಧರಿಸುವುದು

ಟ್ರೈಲರಿನ ಒಟ್ಟು ತೂಕವೆಂದರೆ ಖಾಲಿ ಟ್ರೈಲರಿನ ತೂಕ ಮತ್ತು ಅದರಲ್ಲಿ ತುಂಬುವ ಸಾಮಗ್ರಿಯ ತೂಕಗಳ ಮೊತ್ತ. ನೀರಿನ ಲೆಕ್ಕ ಸುಲಭ. ಒಂದು ಲೀಟರ್ ನೀರು ಒಂದು ಕಿಲೋಗ್ರಾಂ ತೂಗುತ್ತದೆ. ಆದ್ದರಿಂದ 5,000 ಲೀಟರ್ ನೀರೆಂದರೆ 5 ಟನ್. ಇದರೊಂದಿಗೆ ಉಕ್ಕಿನ ತೊಟ್ಟಿ, ಚಾಸಿ, ಅಚ್ಚು ಮತ್ತು ಗಾಲಿಗಳ ತೂಕವನ್ನು ಸೇರಿಸಬೇಕು.

ಘನ ಸಾಮಗ್ರಿಗಳ ವಿಷಯದಲ್ಲಿ ಎಚ್ಚರ ಹೆಚ್ಚು ಬೇಕು. 3 ಮೀಟರ್ ಉದ್ದ, 1.8 ಮೀಟರ್ ಅಗಲ, 0.5 ಮೀಟರ್ ಎತ್ತರದ ಟ್ರೈಲರ್ ಪೆಟ್ಟಿಗೆಯಲ್ಲಿ 2.7 ಘನ ಮೀಟರ್ ಸಾಮಗ್ರಿ ಹಿಡಿಯುತ್ತದೆ. ಒಣ ತ್ಯಾಜ್ಯವನ್ನು ತುಂಬಿದರೆ ತೂಕ ಕೆಲವು ನೂರು ಕಿಲೋಗ್ರಾಂ ಮಾತ್ರ. ಅದೇ ಪೆಟ್ಟಿಗೆಗೆ ಘನ ಮೀಟರಿಗೆ ಸುಮಾರು 1,600 ಕಿಲೋಗ್ರಾಂ ತೂಗುವ ಮರಳನ್ನು ಅಂಚಿನವರೆಗೆ ತುಂಬಿದರೆ 4,320 ಕಿಲೋಗ್ರಾಂ ಆಗುತ್ತದೆ. ಅಂಚಿನ ಮೇಲೆ ಗೋಪುರದಂತೆ ಪೇರಿಸಿದರೆ ಇನ್ನೂ ಹೆಚ್ಚು. ಒದ್ದೆ ಮರಳು ಮತ್ತು ಚರಂಡಿಯ ಹೂಳಿನ ತೂಕವೂ ಕಣ್ಣಿಗೆ ಕಾಣುವುದಕ್ಕಿಂತ ಅಧಿಕ. ಹೀಗಾಗಿ "ತ್ಯಾಜ್ಯದ ಟ್ರೈಲರ್" ಎಂದು ಖರೀದಿಸಿದ ವಾಹನವನ್ನು ಮರುವರ್ಷ ಜಲ್ಲಿ ಹೊರಲು ಬಳಸುವ ಸಾಧ್ಯತೆ ಇದ್ದಲ್ಲಿ, ಟೈರನ್ನು ಜಲ್ಲಿಯ ತೂಕಕ್ಕೇ ಆರಿಸತಕ್ಕದ್ದು.

ಅಂದಾಜಿಗಿಂತ ತೂಕ ಮಾಡಿಸುವುದೇ ಉತ್ತಮ ಮಾರ್ಗ. ಕೃಷಿ ಮಾರುಕಟ್ಟೆ, ಅಕ್ಕಿ ಗಿರಣಿ ಅಥವಾ ಕ್ರಷರುಗಳ ಬಳಿ ಇರುವ ವೇ-ಬ್ರಿಡ್ಜಿನಲ್ಲಿ ಟ್ರೈಲರನ್ನು ಒಮ್ಮೆ ಖಾಲಿಯಾಗಿ, ಒಮ್ಮೆ ಪೂರ್ಣ ಭರ್ತಿಯಾಗಿ ತೂಗಿಸಬೇಕು. ಟ್ರೈಲರಿನ ಗಾಲಿಗಳು ಮಾತ್ರ ತಕ್ಕಡಿಯ ಮೇಲೆ ಇರುವಂತೆ ನಿಲ್ಲಿಸಿ ತೆಗೆದ ತೂಕವು ಅಚ್ಚಿನ ಮೇಲೆ ಬೀಳುವ ಭಾರವನ್ನು ನೇರವಾಗಿ ತೋರಿಸುತ್ತದೆ. ಈ ಚೀಟಿಗಳನ್ನು ಖರೀದಿ ಕಡತದಲ್ಲಿ ಇರಿಸುವುದು ಸೂಕ್ತ.

ತೂಕಕ್ಕೂ ಟೈರಿಗೂ ಇರುವ ಈ ನಂಟನ್ನು ಕಾನೂನೂ ಗುರುತಿಸಿದೆ. ಮೋಟಾರು ವಾಹನಗಳ ಅಧಿನಿಯಮ, 1988ರ 58ನೇ ಪ್ರಕರಣದ ಪ್ರಕಾರ ಸಾರಿಗೆ ವಾಹನದ ನೋಂದಣಿ ಪ್ರಮಾಣಪತ್ರದಲ್ಲಿ ಖಾಲಿ ತೂಕ, ಒಟ್ಟು ತೂಕ ಮತ್ತು ಪ್ರತಿ ಅಚ್ಚಿನ ತೂಕಗಳ ಜೊತೆಗೆ ಟೈರುಗಳ ಸಂಖ್ಯೆ, ಸ್ವರೂಪ ಮತ್ತು ಅಳತೆಗಳನ್ನೂ ನಮೂದಿಸಬೇಕಾಗುತ್ತದೆ. ಪ್ರಮಾಣಪತ್ರದಲ್ಲಿನ ಒಟ್ಟು ತೂಕವನ್ನು ಮೀರಿ ವಾಹನ ಓಡಿಸುವುದನ್ನು 113ನೇ ಪ್ರಕರಣ ನಿಷೇಧಿಸುತ್ತದೆ. ಆದ್ದರಿಂದ ಟೈರು ಖರೀದಿಯ ಕಡತದಲ್ಲಿ ಮೊದಲು ಇರಬೇಕಾದ ದಾಖಲೆ ನೋಂದಣಿ ಪ್ರಮಾಣಪತ್ರದ ಪ್ರತಿಯೇ ಆಗಿರುತ್ತದೆ.

3. ಒಂದು ಟೈರಿನ ಪಾಲಿಗೆ ಬರುವ ಭಾರ

5,000 ಲೀಟರ್ ಸಾಮರ್ಥ್ಯದ, ಒಂದೇ ಅಚ್ಚಿನ, ಎರಡು ಟೈರುಗಳ ಟ್ಯಾಂಕರನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಖಾಲಿ ತೂಕ 1,400 ಕಿಲೋಗ್ರಾಂ ಎಂದು ಭಾವಿಸಿದರೆ ಭರ್ತಿ ತೂಕ 6,400 ಕಿಲೋಗ್ರಾಂ. ಇದರಲ್ಲಿ 600 ಕಿಲೋಗ್ರಾಂ ಭಾರವನ್ನು ಕೊಂಡಿಯ ಮೂಲಕ ಟ್ರ್ಯಾಕ್ಟರ್ ಹೊರುತ್ತದೆ ಎಂದಿಟ್ಟುಕೊಂಡರೆ ಅಚ್ಚಿನ ಮೇಲೆ ಉಳಿಯುವುದು 5,800 ಕಿಲೋಗ್ರಾಂ. ಎರಡು ಟೈರುಗಳಿಗೆ ಹಂಚಿದಾಗ ಒಂದೊಂದಕ್ಕೆ 2,900 ಕಿಲೋಗ್ರಾಂ ಬರುತ್ತದೆ.

ಈ ಸಮಪಾಲು ಕಾಗದದ ಮೇಲಿನದು. ಹಳ್ಳಿಯ ರಸ್ತೆ ಒಂದು ಬದಿಗೆ ವಾಲಿರುತ್ತದೆ. ತಿರುವಿನಲ್ಲಿ ಭಾರ ಹೊರಗಿನ ಗಾಲಿಗೆ ಸರಿಯುತ್ತದೆ. ಗುಂಡಿಗೆ ಇಳಿದಾಗ ಕ್ಷಣಕಾಲ ಹೆಚ್ಚಿನ ಹೊಡೆತ ಬೀಳುತ್ತದೆ. ಆದಕಾರಣ ಲೆಕ್ಕಕ್ಕೆ ಬಂದ ಭಾರದ ಮೇಲೆ ಕಾಲು ಭಾಗದಷ್ಟು ಮೀಸಲು ಸೇರಿಸುವುದು ಒಳ್ಳೆಯ ರೂಢಿ. 2,900 ಕಿಲೋಗ್ರಾಂನ ಮೇಲೆ ಕಾಲು ಭಾಗ ಸೇರಿಸಿದರೆ 3,625 ಕಿಲೋಗ್ರಾಂ. ಅಂದರೆ ಈ ಟ್ಯಾಂಕರಿಗೆ ಒಂದೊಂದೂ 3,625 ಕಿಲೋಗ್ರಾಂಗಿಂತ ಕಡಿಮೆಯಿಲ್ಲದ ಭಾರ ಹೊರುವ ಟೈರುಗಳು ಬೇಕು.

ಇದೇ ಟ್ಯಾಂಕರಿಗೆ ತಲಾ 2,500 ಕಿಲೋಗ್ರಾಂ ಸಾಮರ್ಥ್ಯದ ಟೈರುಗಳನ್ನು ಹಾಕಿದರೆ, ಯಾವ ಗುಂಡಿಯೂ ಇಲ್ಲದ ನೇರ ರಸ್ತೆಯಲ್ಲಿಯೇ ಅವು ಶೇಕಡ 16ರಷ್ಟು ಅಧಿಕ ಭಾರವನ್ನು ಹೊರುತ್ತಿರುತ್ತವೆ. ಟೈರು ಮೊದಲ ದಿನವೇ ಸಿಡಿಯದಿರಬಹುದು. ಒಳಗಿನ ಪದರಗಳು ದಿನದಿಂದ ದಿನಕ್ಕೆ ಸಡಿಲಗೊಂಡು ಒಂದು ಮಧ್ಯಾಹ್ನ ಕೈಕೊಡುತ್ತವೆ. ಆಗ ದೋಷವನ್ನು ರಸ್ತೆಯ ಕಲ್ಲಿನ ಮೇಲೆ ಹೊರಿಸಲಾಗುತ್ತದೆ.

ಪಂಚಾಯಿತಿಯ ಮುಂದೆ ಇರುವ ಆಯ್ಕೆಗಳು ನಾಲ್ಕು:

ಅ) ಎರಡೇ ಟೈರುಗಳನ್ನು ಉಳಿಸಿಕೊಂಡು, ಅಷ್ಟು ಭಾರ ಹೊರುವ ದೊಡ್ಡ ಅಳತೆಯ ಟೈರು ಹಾಕುವುದು. ಅಚ್ಚು ಮತ್ತು ಗಾಲಿಗಳೂ ಆ ಭಾರಕ್ಕೆ ತಕ್ಕವಾಗಿರಬೇಕು.

ಆ) ಪ್ರತಿ ಬದಿಗೆ ಎರಡರಂತೆ ಜೋಡಿ ಗಾಲಿ ಹಾಕುವುದು. ಆಗ ಒಂದು ಟೈರಿನ ಪಾಲು 1,450 ಕಿಲೋಗ್ರಾಂ. ಮೀಸಲು ಸೇರಿಸಿದರೆ ಸುಮಾರು 1,815 ಕಿಲೋಗ್ರಾಂ. ಜೋಡಿಯಲ್ಲಿ ಒಂದು ಟೈರಿನ ಗಾಳಿ ಇಳಿದರೆ ಇನ್ನೊಂದರ ಮೇಲೆ 2,900 ಕಿಲೋಗ್ರಾಂ ಪೂರ್ತಿಯಾಗಿ ಬೀಳುತ್ತದೆ. ಹೀಗಾಗಿ "ಇನ್ನೊಂದು ಇದೆಯಲ್ಲ" ಎಂದು ಮುಂದುವರಿಯಬಾರದು.

ಇ) ಎರಡು ಅಚ್ಚುಗಳ, ನಾಲ್ಕು ಗಾಲಿಗಳ ಟ್ರೈಲರನ್ನು ಆರಿಸುವುದು. 6,400 ಕಿಲೋಗ್ರಾಂ ನಾಲ್ಕಕ್ಕೆ ಹಂಚಿ ತಲಾ 1,600. ಮೀಸಲಿನೊಂದಿಗೆ 2,000 ಕಿಲೋಗ್ರಾಂ. ಮುಂದಿನ ಮತ್ತು ಹಿಂದಿನ ಅಚ್ಚುಗಳ ಭಾರ ಸಮವಾಗಿಲ್ಲದಿದ್ದರೆ ಹೆಚ್ಚು ಭಾರ ಬೀಳುವ ಅಚ್ಚನ್ನೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಈ) ತೊಟ್ಟಿಯ ಗಾತ್ರವನ್ನು ಕಡಿಮೆ ಮಾಡುವುದು. ತಲಾ 2,500 ಕಿಲೋಗ್ರಾಂ ಸಾಮರ್ಥ್ಯದ ಎರಡೇ ಟೈರುಗಳಿದ್ದಲ್ಲಿ, ಮೀಸಲನ್ನು ಉಳಿಸಿಕೊಂಡು ಸುಮಾರು 3,000 ಲೀಟರ್ ತೊಟ್ಟಿಯೇ ಯೋಗ್ಯ.

ಕೊನೆಯ ಆಯ್ಕೆಗೆ ಸಂಬಂಧಿಸಿದಂತೆ ಒಂದು ಎಚ್ಚರಿಕೆ ಅಗತ್ಯ. ದೊಡ್ಡ ತೊಟ್ಟಿಯನ್ನು ಅರ್ಧ ತುಂಬಿ ಓಡಿಸುವುದು ಸಣ್ಣ ತೊಟ್ಟಿಗೆ ಸಮಾನವಲ್ಲ. ಅರ್ಧ ತುಂಬಿದ ತೊಟ್ಟಿಯಲ್ಲಿ ನೀರು ತುಳುಕಾಡುತ್ತದೆ. ಬ್ರೇಕ್ ಹಾಕಿದಾಗ ಮುಂದಕ್ಕೂ, ತಿರುವಿನಲ್ಲಿ ಪಕ್ಕಕ್ಕೂ ಒಮ್ಮೆಲೇ ಸರಿದು ಒಂದು ಬದಿಯ ಟೈರಿನ ಮೇಲೆ ಎರಗುತ್ತದೆ. ತೊಟ್ಟಿಯೊಳಗೆ ಅಡ್ಡ ತಗಡುಗಳಿದ್ದರೆ ಈ ತುಳುಕಾಟ ತಗ್ಗುತ್ತದೆ. ಅಡ್ಡ ತಗಡುಗಳಿಲ್ಲದ ತೊಟ್ಟಿಯನ್ನು ಖರೀದಿಸಬಾರದು.

4. ಟೈರಿನ ಮೇಲಿನ ಬರಹವನ್ನು ಓದುವ ವಿಧಾನ

ಟೈರಿನ ಪಾರ್ಶ್ವಭಾಗದಲ್ಲಿ ಅಚ್ಚೊತ್ತಿರುವ ಅಂಕಿ ಅಕ್ಷರಗಳೇ ಅದರ ಜಾತಕ. ಅಂಗಡಿಯವರ ಮಾತಿಗಿಂತ ಈ ಬರಹಕ್ಕೆ ಹೆಚ್ಚಿನ ಬೆಲೆ ಕೊಡಬೇಕು.

ಅಳತೆ: "7.50-16" ಎಂದಿದ್ದರೆ ಟೈರಿನ ಅಗಲ ಸುಮಾರು 7.5 ಅಂಗುಲ, ಅದು ಕೂರುವ ರಿಮ್ಮಿನ ವ್ಯಾಸ 16 ಅಂಗುಲ. ನಡುವೆ ಅಡ್ಡಗೆರೆ ಇದ್ದರೆ ಎಳೆಪದರಗಳು ಓರೆಯಾಗಿ ಹೆಣೆದ ಸಾಂಪ್ರದಾಯಿಕ ಟೈರು. ಅಡ್ಡಗೆರೆಯ ಸ್ಥಾನದಲ್ಲಿ "ಆರ್" ಅಕ್ಷರವಿದ್ದರೆ ರೇಡಿಯಲ್ ಟೈರು.

ಪ್ಲೈ ರೇಟಿಂಗ್: "16 ಪಿ.ಆರ್." ಎಂಬಂತೆ ಬರೆದಿರುತ್ತದೆ. ಹಿಂದೆ ಟೈರಿನೊಳಗೆ ಹತ್ತಿಯ ಎಳೆಗಳ ಪದರಗಳಿದ್ದ ಕಾಲದಲ್ಲಿ ಇದು ಪದರಗಳ ಎಣಿಕೆಯಾಗಿತ್ತು. ಇಂದು ನೈಲಾನ್ ಮತ್ತು ಉಕ್ಕಿನ ಎಳೆಗಳು ಬಂದಿರುವುದರಿಂದ ಇದು ಬಲದ ದರ್ಜೆ ಮಾತ್ರ. 16 ಪದರಗಳು ಇವೆ ಎಂದು ಅರ್ಥವಲ್ಲ. ಒಂದೇ ಅಳತೆಯ ಟೈರುಗಳು ಬೇರೆ ಬೇರೆ ಪ್ಲೈ ರೇಟಿಂಗಿನಲ್ಲಿ ದೊರೆಯುತ್ತವೆ. ಹೊರನೋಟಕ್ಕೆ ಒಂದೇ ತೆರನಾಗಿ ಕಾಣುವ ಇವುಗಳ ಭಾರ ಸಾಮರ್ಥ್ಯದಲ್ಲಿ ವ್ಯತ್ಯಾಸವಿದೆ. ದರಪಟ್ಟಿಯಲ್ಲಿ ಅಳತೆ ಮಾತ್ರ ಬರೆದು ಪ್ಲೈ ರೇಟಿಂಗ್ ಬಿಟ್ಟರೆ ಮೋಸಕ್ಕೆ ಬಾಗಿಲು ತೆರೆದಂತೆ.

ಭಾರ ಸೂಚ್ಯಂಕ: ಇದು ಎಲ್ಲಕ್ಕಿಂತ ಮುಖ್ಯವಾದ ಅಂಕಿ. ಪ್ರತಿಯೊಂದು ಸೂಚ್ಯಂಕಕ್ಕೂ ಕಿಲೋಗ್ರಾಂಗಳಲ್ಲಿ ನಿಶ್ಚಿತ ಭಾರವಿದೆ:

120 – 1,400
125 – 1,650
129 – 1,850
132 – 2,000
135 – 2,180
140 – 2,500
145 – 2,900
150 – 3,350
153 – 3,650
155 – 3,875

ಸೂಚ್ಯಂಕದಲ್ಲಿ ಸಣ್ಣದಾಗಿ ತೋರುವ ಅಂತರ ಭಾರದಲ್ಲಿ ದೊಡ್ಡದಾಗಿರುತ್ತದೆ. 120ರಿಂದ 140ಕ್ಕೆ ಹೋದರೆ ಅಂಕಿ ಇಪ್ಪತ್ತು ಮಾತ್ರ ಹೆಚ್ಚುತ್ತದೆ. ಭಾರ 1,400ರಿಂದ 2,500 ಕಿಲೋಗ್ರಾಂಗೆ ಏರುತ್ತದೆ. ಹಿಂದಿನ ಭಾಗದ ಉದಾಹರಣೆಗೆ ಅನ್ವಯಿಸಿದರೆ, ಎರಡು ಟೈರುಗಳ ಟ್ಯಾಂಕರಿಗೆ ಕನಿಷ್ಠ 153, ಜೋಡಿ ಗಾಲಿಗಳಿಗೆ ಕನಿಷ್ಠ 129, ನಾಲ್ಕು ಗಾಲಿಗಳ ಟ್ರೈಲರಿಗೆ ಕನಿಷ್ಠ 132 ಸೂಚ್ಯಂಕ ಬೇಕಾಗುತ್ತದೆ.

ಕೆಲವು ಟೈರುಗಳ ಮೇಲೆ "121/120" ಎಂಬಂತೆ ಎರಡು ಅಂಕಿಗಳಿರುತ್ತವೆ. ಮೊದಲನೆಯದು ಒಂಟಿ ಗಾಲಿಗೆ, ಎರಡನೆಯದು ಜೋಡಿ ಗಾಲಿಗೆ ಅನ್ವಯ. ಜೋಡಿ ಗಾಲಿ ಹಾಕುವ ಪಂಚಾಯಿತಿಯು ಎರಡನೆಯ ಅಂಕಿಯನ್ನೇ ಲೆಕ್ಕಕ್ಕೆ ಹಿಡಿಯಬೇಕು.

ವೇಗ ಸಂಕೇತ: ಸೂಚ್ಯಂಕದ ಪಕ್ಕದ ಅಕ್ಷರವು ಆ ಭಾರದೊಂದಿಗೆ ಟೈರು ತಾಳಬಲ್ಲ ಗರಿಷ್ಠ ವೇಗವನ್ನು ತಿಳಿಸುತ್ತದೆ. "ಎ8" ಎಂದರೆ ಗಂಟೆಗೆ 40 ಕಿಲೋಮೀಟರ್, "ಬಿ" ಎಂದರೆ 50, "ಡಿ" ಎಂದರೆ 65, "ಎಫ್" ಎಂದರೆ 80, "ಜೆ" ಎಂದರೆ 100. ಕೃಷಿ ಉಪಕರಣಗಳಿಗಾಗಿ ತಯಾರಾದ ಕೆಲವು ಟೈರುಗಳ ಮೇಲೆ ದೊಡ್ಡ ಭಾರ ಸೂಚ್ಯಂಕ ಕಂಡರೂ ಅದು ಕಡಿಮೆ ವೇಗಕ್ಕೆ ಮಾತ್ರ ಸಲ್ಲುವಂತಹುದು. ಆದ್ದರಿಂದ ಭಾರದ ಅಂಕಿಯನ್ನು ವೇಗದ ಅಕ್ಷರದಿಂದ ಬೇರ್ಪಡಿಸಿ ಓದಬಾರದು.

ತಯಾರಿಕೆಯ ವಾರ: ನಾಲ್ಕು ಅಂಕಿಗಳ ಸಂಕೇತದಲ್ಲಿ ಮೊದಲೆರಡು ವಾರವನ್ನೂ ಕೊನೆಯೆರಡು ವರ್ಷವನ್ನೂ ಸೂಚಿಸುತ್ತವೆ. "2324" ಎಂದರೆ 2024ನೇ ವರ್ಷದ 23ನೇ ವಾರ. ರಬ್ಬರು ಬಳಸದೆ ಇಟ್ಟರೂ ಹಳೆಯದಾಗುತ್ತದೆ. ಹೊಳಪು ಹಚ್ಚಿದ ಹಳೆ ಟೈರು ಹೊಸದಾಗುವುದಿಲ್ಲ.

ಐಎಸ್ಐ ಗುರುತು: ವಾಣಿಜ್ಯ ವಾಹನಗಳ ಟೈರುಗಳಿಗೆ ಐಎಸ್ 15636 ಎಂಬ ಭಾರತೀಯ ಮಾನಕವಿದೆ. 2009ರ ಗುಣಮಟ್ಟ ನಿಯಂತ್ರಣ ಆದೇಶದಿಂದ ಈ ಗುರುತು ಕಡ್ಡಾಯವಾಗಿದೆ. ಟೈರುಗಳ ಸ್ಥಿತಿ, ಅಳತೆ ಮತ್ತು ಪ್ಲೈ ರೇಟಿಂಗ್ ಕುರಿತು ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 94 ಮತ್ತು 95ನೇ ನಿಯಮಗಳನ್ನು ನೋಡಬಹುದು.

5. ಭಾರ ಹೊರುವುದು ಗಾಳಿ

ಟೈರಿನ ರಬ್ಬರು ಮತ್ತು ಎಳೆಗಳು ಗಾಳಿಯನ್ನು ಹಿಡಿದಿಡುವ ಚೀಲದಂತೆ. ಭಾರವನ್ನು ಹೊರುವುದು ಒಳಗಿನ ಒತ್ತಡದ ಗಾಳಿ. ಪಾರ್ಶ್ವಭಾಗದಲ್ಲಿ ಬರೆದ ಗರಿಷ್ಠ ಭಾರವು ಅದರೊಂದಿಗೆ ಬರೆದ ಒತ್ತಡಕ್ಕೆ ಮಾತ್ರ ಸಲ್ಲುತ್ತದೆ. ಗಾಳಿ ಕಡಿಮೆಯಾದರೆ 153 ಸೂಚ್ಯಂಕದ ಟೈರೂ ಆ ಭಾರವನ್ನು ಹೊರಲಾರದು.

ಗಾಳಿ ಕಡಿಮೆಯಿರುವ ಟೈರು ಉರುಳುವಾಗ ಪ್ರತಿ ಸುತ್ತಿಗೂ ಅದರ ಪಾರ್ಶ್ವಭಾಗ ಹೆಚ್ಚು ಬಾಗಿ ನೇರವಾಗುತ್ತದೆ. ತಂತಿಯನ್ನು ಹಿಂದೆ ಮುಂದೆ ಬಾಗಿಸಿದರೆ ಬಿಸಿಯಾಗುವಂತೆ ಟೈರೂ ಬಿಸಿಯಾಗುತ್ತದೆ. ಬಿಸಿಯು ಪದರಗಳ ನಡುವಿನ ಅಂಟನ್ನು ದುರ್ಬಲಗೊಳಿಸುತ್ತದೆ. ಅಧಿಕ ಭಾರ, ಅಧಿಕ ವೇಗ, ಕಡಿಮೆ ಗಾಳಿ ಈ ಮೂರೂ ಕೊನೆಗೆ ಟೈರನ್ನು ಕೆಡಿಸುವುದು ಬಿಸಿಯ ಮೂಲಕವೇ. ನೀರಿನ ಟ್ಯಾಂಕರು ಅತಿ ಹೆಚ್ಚು ದುಡಿಯುವುದು ಏಪ್ರಿಲ್ ಮತ್ತು ಮೇ ತಿಂಗಳ ಸುಡುಬಿಸಿಲಿನಲ್ಲಿ ಎಂಬುದನ್ನು ಇಲ್ಲಿ ಸ್ಮರಿಸಬೇಕು.

ಗಾಳಿಯನ್ನು ಬೆಳಿಗ್ಗೆ, ವಾಹನ ಹೊರಡುವ ಮುನ್ನ, ಟೈರು ತಣ್ಣಗಿರುವಾಗ ಮಾಪಕದಿಂದ ಅಳೆಯಬೇಕು. ಓಡಿದ ಬಳಿಕ ಒತ್ತಡ ಸಹಜವಾಗಿ ಏರುತ್ತದೆ. ಏರಿದೆಯೆಂದು ಗಾಳಿ ಬಿಡಬಾರದು. ಕೋಲಿನಿಂದ ಬಡಿದು ಅಥವಾ ಕಾಲಿನಿಂದ ಒದ್ದು ಗಾಳಿಯನ್ನು ಅಂದಾಜಿಸುವ ವಾಡಿಕೆಯನ್ನು ಕೈಬಿಡತಕ್ಕದ್ದು. ಒತ್ತಡ ಮಾಪಕವು ಅಲ್ಪ ವೆಚ್ಚದ ಸಾಧನ. ಪ್ರತಿ ಟ್ರ್ಯಾಕ್ಟರಿನಲ್ಲಿಯೂ ಒಂದು ಇರಬೇಕು.

6. ಯಾವ ಬಗೆಯ ಟೈರು?

ಟ್ರೈಲರಿನ ಗಾಲಿಗಳು ಎಳೆಯುವುದಿಲ್ಲ, ಹಿಂಬಾಲಿಸುತ್ತವೆ. ಆದ್ದರಿಂದ ಟ್ರ್ಯಾಕ್ಟರಿನ ಹಿಂದಿನ ಟೈರಿಗಿರುವ ಎತ್ತರದ ಹಲ್ಲುಗಳು ಇದಕ್ಕೆ ಬೇಡ. ನೇರ ಗೆರೆಗಳ ಅಥವಾ ಮಿಶ್ರ ಅಚ್ಚಿನ ಹೊರಮೈ ಸಾಕು. ಟ್ರ್ಯಾಕ್ಟರಿನ ಮುಂಗಾಲಿಯ ಟೈರನ್ನು ಅಳತೆ ಹೊಂದುತ್ತದೆಂದು ಟ್ರೈಲರಿಗೆ ಹಾಕುವ ರೂಢಿ ಅಪಾಯಕರ. ಆ ಟೈರನ್ನು ರೂಪಿಸಿರುವುದು ಟ್ರ್ಯಾಕ್ಟರಿನ ಮುಂಭಾಗದ ಭಾರಕ್ಕೆ, ಟನ್ನುಗಟ್ಟಲೆ ನೀರಿಗಲ್ಲ.

ಕಲ್ಲು ಮುಳ್ಳುಗಳ ಕಚ್ಚಾ ರಸ್ತೆಯಲ್ಲಿ ಸಾಂಪ್ರದಾಯಿಕ ಟೈರಿನ ದಪ್ಪ ಪಾರ್ಶ್ವಭಾಗ ಉಪಯುಕ್ತ. ಡಾಂಬರು ರಸ್ತೆಯಲ್ಲಿ ದೂರ ಓಡುವ ಟ್ರೈಲರಿಗೆ ಕಡಿಮೆ ಬಿಸಿಯಾಗುವ ರೇಡಿಯಲ್ ಲೇಸು. ಯಾವುದನ್ನೇ ಆರಿಸಿದರೂ ಒಂದೇ ಅಚ್ಚಿನಲ್ಲಿ ಎರಡು ಬಗೆಗಳನ್ನು ಬೆರೆಸಬಾರದು. ಜೋಡಿ ಗಾಲಿಗಳಲ್ಲಿ ಎರಡೂ ಟೈರುಗಳ ಅಳತೆ, ಸವೆತ ಮತ್ತು ಗಾಳಿ ಸಮನಾಗಿರಬೇಕು. ಒಂದು ಸವೆದು ಇನ್ನೊಂದು ಹೊಸದಾಗಿದ್ದರೆ ಎತ್ತರದ ಟೈರು ಇಬ್ಬರ ಹೊರೆಯನ್ನೂ ಹೊತ್ತ ಎತ್ತಿನಂತಾಗುತ್ತದೆ.

ಲಾರಿಗಳಿಂದ ತೆಗೆದ ಹಳೆ ಟೈರುಗಳು ಗ್ರಾಮೀಣ ಟ್ರೈಲರುಗಳಲ್ಲಿ ಸಾಮಾನ್ಯ. ಪಾರ್ಶ್ವಭಾಗದಲ್ಲಿ ಉಬ್ಬು, ಎಳೆ ಕಾಣುವ ಸೀಳು, ಬಿರುಕುಗಳ ಜಾಲ, ಅಂಚಿನ ತಂತಿಯ ಹಾನಿ ಇವುಗಳಲ್ಲಿ ಒಂದಿದ್ದರೂ ಆ ಟೈರನ್ನು ತಿರಸ್ಕರಿಸಬೇಕು. ಹೊರಮೈಯ ತೋಡುಗಳ ತಳದಲ್ಲಿ ಅಲ್ಲಲ್ಲಿ ಇರುವ ಸಣ್ಣ ದಿಬ್ಬಗಳೇ ಸವೆತ ಸೂಚಕಗಳು. ಹೊರಮೈ ಅವುಗಳ ಮಟ್ಟಕ್ಕೆ ಇಳಿದರೆ ಟೈರಿನ ಆಯುಷ್ಯ ಮುಗಿದಂತೆ. ಮರುರಬ್ಬರು ಹಾಕಿದ ಟೈರಿನ ಯೋಗ್ಯತೆಯು ಅದರ ಹಳೆಯ ಒಡಲಿನದು. ಮೇಲಿನ ಹೊಸ ಪಟ್ಟಿಯನ್ನು ನೋಡಿ ತೀರ್ಮಾನಿಸಬಾರದು. ಪೂರ್ಣ ಭಾರದ ನೀರಿನ ಟ್ಯಾಂಕರಿಗೆ ಹೊಸ ಟೈರೇ ಸುರಕ್ಷಿತ.

7. ಗಾಲಿ, ರಿಮ್ಮು ಮತ್ತು ನಟ್ಟುಗಳು

ಉತ್ತಮ ಟೈರನ್ನು ದುರ್ಬಲ ಗಾಲಿಗೆ ಹಾಕಿದರೆ ಟೈರಿನ ಬಲ ವ್ಯರ್ಥ. ಅಚ್ಚು, ಗಾಲಿ, ಟೈರು, ನಟ್ಟುಬೋಲ್ಟು ಈ ನಾಲ್ಕರಲ್ಲಿ ಅತಿ ದುರ್ಬಲವಾದುದರ ಸಾಮರ್ಥ್ಯವೇ ಇಡೀ ಟ್ರೈಲರಿನ ಸಾಮರ್ಥ್ಯ.

ರಿಮ್ಮಿನ ವ್ಯಾಸ ಹೊಂದಿದರೆ ಸಾಲದು; ಅಗಲವೂ ಹೊಂದಬೇಕು. 10.00-20 ಅಳತೆಯ ಟೈರಿಗೆ 7.5 ಅಂಗುಲ ಅಗಲದ ರಿಮ್ಮು ರೂಢಿಯದು. ಕಿರಿದಾದ ರಿಮ್ಮಿನಲ್ಲಿ ಟೈರಿನ ಅಂಚು ಸರಿಯಾಗಿ ಕೂರುವುದಿಲ್ಲ. ಗಾಲಿಯ ಬೋಲ್ಟು ರಂಧ್ರಗಳ ಸಂಖ್ಯೆ, ಆ ರಂಧ್ರಗಳ ವೃತ್ತದ ವ್ಯಾಸ, ನಡುವಿನ ರಂಧ್ರದ ಅಳತೆ ಇವು ಹಬ್ಬಿನೊಂದಿಗೆ ನಿಖರವಾಗಿ ಹೊಂದಬೇಕು. ಹೊಂದದ ಗಾಲಿಯ ರಂಧ್ರಗಳನ್ನು ಗ್ಯಾಸ್ ಕಟರಿನಿಂದ ಹಿಗ್ಗಿಸಿ ಕೂರಿಸುವುದು ಅಕ್ಷಮ್ಯ. ಬಿರುಕು ಬಿಟ್ಟ ಗಾಲಿಯನ್ನು ಬೆಸುಗೆ ಹಾಕಿ ಮತ್ತೆ ಬಳಸಬಾರದು. ನಟ್ಟಿನ ಸುತ್ತ ಕೆಂಪು ತುಕ್ಕಿನ ಗೆರೆಗಳು ಹೊರಟಿದ್ದರೆ ಅದು ನಟ್ಟು ಸಡಿಲವಾಗಿರುವುದರ ಕುರುಹು.

ಎತ್ತಿನ ಗಾಡಿಗೆ ಕಡೆಗೀಲು ಹೇಗೋ ಟ್ರೈಲರಿನ ಗಾಲಿಗೆ ನಟ್ಟುಗಳು ಹಾಗೆ. ಅವುಗಳನ್ನು ಒಂದರ ಪಕ್ಕದಲ್ಲಿ ಒಂದರಂತೆ ಬಿಗಿಯದೆ, ಎದುರುಬದುರಾಗಿ ಹಂತಹಂತವಾಗಿ ಬಿಗಿಯಬೇಕು. ಗಾಲಿ ಬದಲಿಸಿದ ಬಳಿಕ ಮೊದಲ 50ರಿಂದ 100 ಕಿಲೋಮೀಟರ್ ಓಟದೊಳಗೆ ಮತ್ತೊಮ್ಮೆ ಬಿಗಿಯುವುದು ಕಡ್ಡಾಯ. ಹೊಸದಾಗಿ ಕೂಡಿಸಿದ ಮೇಲ್ಮೈಗಳು ಓಟದಲ್ಲಿ ಒತ್ತಿಕೊಂಡು ನಟ್ಟು ಸಡಿಲವಾಗುತ್ತದೆ.

8. ಗಾಳಿ ತುಂಬುವ ಸ್ಥಳದ ಅಪಾಯ

ಭಾರಿ ಟೈರಿನೊಳಗಿನ ಒತ್ತಡವು ಒಂದು ಶೇಖರಿತ ಶಕ್ತಿ. ಟ್ಯೂಬು ಇರುವ ಅನೇಕ ಭಾರಿ ಗಾಲಿಗಳಲ್ಲಿ ಟೈರನ್ನು ಹಿಡಿದಿಡಲು ಬಿಡಿಯಾದ ಉಕ್ಕಿನ ಬಳೆ ಇರುತ್ತದೆ. ಅದು ಸರಿಯಾಗಿ ಕೂರದಿದ್ದರೆ ಗಾಳಿ ತುಂಬುವಾಗ ಸಿಡಿದು ಎದುರಿಗಿದ್ದವರ ಪ್ರಾಣ ತೆಗೆಯಬಲ್ಲದು. ಪಂಚಾಯಿತಿಯ ವಾಹನ ಚಾಲಕರಿಗೂ ನೀರುಗಂಟಿಗಳಿಗೂ ಪಂಕ್ಚರ್ ಅಂಗಡಿಯ ಹುಡುಗರಿಗೂ ಈ ಕೆಳಗಿನವುಗಳನ್ನು ತಿಳಿಸುವುದು ಸದಸ್ಯರ ಹೊಣೆ:

ಅ) ಗಾಲಿಯನ್ನು ಕಳಚುವ ಮುನ್ನ ವಾಲ್ವಿನ ಒಳತಿರುಳನ್ನು ತೆಗೆದು ಗಾಳಿಯನ್ನು ಪೂರ್ಣವಾಗಿ ಬಿಡಬೇಕು. ಜೋಡಿ ಗಾಲಿಯಲ್ಲಿ ಎರಡೂ ಟೈರುಗಳ ಗಾಳಿಯನ್ನು ಬಿಡಬೇಕು.

ಆ) ಬಳೆಯ ಗಾಲಿಗೆ ಗಾಳಿ ತುಂಬುವಾಗ ಅದನ್ನು ಉಕ್ಕಿನ ಪಂಜರದೊಳಗೆ ಇರಿಸಬೇಕು. ಉದ್ದ ಕೊಳವೆ ಬಳಸಿ, ಬಳೆಯ ಎದುರಿಗೆ ನಿಲ್ಲದೆ, ದೂರದಲ್ಲಿ ನಿಲ್ಲಬೇಕು.

ಇ) ಬಳೆಯನ್ನು ಗಾಳಿ ಇರುವಾಗ ಸುತ್ತಿಗೆಯಿಂದ ಹೊಡೆದು ಕೂರಿಸಬಾರದು. ತುಕ್ಕು ಹಿಡಿದ, ಬಾಗಿದ, ಬೇರೆ ಗಾಲಿಯಿಂದ ತಂದ ಬಳೆಯನ್ನು ಬಳಸಬಾರದು.

ಈ) ನಿಗದಿತ ಒತ್ತಡದ ಶೇಕಡ 80 ಅಥವಾ ಅದಕ್ಕಿಂತ ಕಡಿಮೆ ಗಾಳಿಯಲ್ಲಿ ಓಡಿದ ಟೈರನ್ನು ಕಳಚಿ ಒಳಭಾಗ ಪರೀಕ್ಷಿಸದೆ ಮತ್ತೆ ಗಾಳಿ ತುಂಬಬಾರದು.

ಉ) ಟೈರು ಇರುವ ಗಾಲಿಗೆ ಎಂದಿಗೂ ಬೆಸುಗೆ ಹಾಕಬಾರದು, ಬೆಂಕಿ ತಾಗಿಸಬಾರದು. ಗಾಳಿ ಬಿಟ್ಟಿದ್ದರೂ ಬಿಸಿಗೆ ಒಳಗಿನ ರಬ್ಬರಿನಿಂದ ಹೊರಡುವ ಅನಿಲಗಳು ಹೊತ್ತಿಕೊಂಡು ಸ್ಫೋಟಿಸಬಹುದು.

9. ಖರೀದಿ ಪ್ರಕ್ರಿಯೆ

ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ, 1999 ಮತ್ತು ಅದರ ನಿಯಮಗಳಿಗೆ ಅನುಸಾರವಾಗಿ ಖರೀದಿ ನಡೆಯತಕ್ಕದ್ದು. ಪಾರದರ್ಶಕತೆಯೆಂದರೆ ಎಲ್ಲರಿಗೂ ಒಂದೇ ವಿವರ, ಆ ವಿವರದೊಳಗೆ ಸ್ಪರ್ಧೆ. ಆದ್ದರಿಂದ ದರ ಕರೆಯುವ ಮೊದಲೇ ತಾಂತ್ರಿಕ ವಿವರಣೆಯನ್ನು ಬರೆಯಬೇಕು. ದರ ಬಂದ ಮೇಲೆ ಬರೆಯಬಾರದು. ವಿವರಣೆಯಲ್ಲಿ ಯಾವುದೇ ಕಂಪನಿಯ ಹೆಸರನ್ನು ಬರೆಯುವ ಅಗತ್ಯವಿಲ್ಲ, ಅಂಕಿಗಳು ಸಾಕು.

ಮಾದರಿ ವಿವರಣೆ (ನಾಲ್ಕು ಗಾಲಿಗಳ, 5,000 ಲೀಟರ್ ಟ್ಯಾಂಕರಿಗೆ): "ನೋಂದಣಿ ಪ್ರಮಾಣಪತ್ರದಲ್ಲಿ ನಮೂದಿಸಿದ ಅಳತೆಯ ಹೊಸ ಟೈರುಗಳು, ಸಂಖ್ಯೆ 4, ಹೆಚ್ಚುವರಿ 1. ಭಾರ ಸೂಚ್ಯಂಕ 132ಕ್ಕೆ ಕಡಿಮೆಯಿಲ್ಲದಂತೆ. ವೇಗ ಸಂಕೇತ ಬಿ ಅಥವಾ ಮೇಲ್ಪಟ್ಟು. ಐಎಸ್ಐ ಗುರುತು ಇರತಕ್ಕದ್ದು. ತಯಾರಿಕೆಯ ದಿನದಿಂದ ಆರು ತಿಂಗಳೊಳಗಿನದಾಗಿರಬೇಕು. ಎಲ್ಲ ಟೈರುಗಳೂ ಒಂದೇ ಬಗೆ ಮತ್ತು ಒಂದೇ ಪ್ಲೈ ರೇಟಿಂಗಿನವು. ಅಳತೆಗೆ ತಕ್ಕ ಹೊಸ ಟ್ಯೂಬು ಮತ್ತು ಫ್ಲಾಪುಗಳೊಂದಿಗೆ. ವಾರಂಟಿ ಪತ್ರ ಸಹಿತ." ಪ್ರಮಾಣಪತ್ರದ ಅಳತೆಯಲ್ಲಿ ಬೇಕಾದ ಸೂಚ್ಯಂಕದ ಟೈರು ದೊರೆಯದಿದ್ದರೆ, ಟ್ರೈಲರಿನ ಹೊರೆಯನ್ನೇ ಇಳಿಸಬೇಕಾಗುತ್ತದೆ; ಅಳತೆಯನ್ನು ಮನಬಂದಂತೆ ಬದಲಿಸುವಂತಿಲ್ಲ.

ಸರಕು ಬಂದಾಗ ಕನಿಷ್ಠ ಇಬ್ಬರು ಸದಸ್ಯರ ಸಮಕ್ಷಮದಲ್ಲಿ ಪ್ರತಿ ಟೈರಿನ ಮೇಲಿನ ಅಳತೆ, ಭಾರ ಸೂಚ್ಯಂಕ, ತಯಾರಿಕೆಯ ವಾರ ಮತ್ತು ಕ್ರಮಸಂಖ್ಯೆಯನ್ನು ದಾಸ್ತಾನು ವಹಿಯಲ್ಲಿ ಬರೆದು, ಛಾಯಾಚಿತ್ರ ತೆಗೆದಿರಿಸಬೇಕು. ಇದರಿಂದ ಮಧ್ಯದಲ್ಲಿ ಟೈರು ಬದಲಾಗುವುದೂ ತಪ್ಪುತ್ತದೆ. ಖಾಸಗಿ ಟ್ಯಾಂಕರುಗಳನ್ನು ಬಾಡಿಗೆಗೆ ಪಡೆಯುವಾಗಲೂ ಇದೇ ಪರಿಶೀಲನೆ ನಡೆಯಬೇಕು. ಬಾಡಿಗೆ ಟ್ಯಾಂಕರೂ ಅದೇ ಶಾಲೆಯ ಮುಂದೆ ಹಾದುಹೋಗುತ್ತದೆ.

10. ನಿತ್ಯದ ನಿಗಾ

ಪ್ರತಿದಿನ: ಗಾಳಿಯ ಅಳತೆ, ನಟ್ಟುಗಳ ನೋಟ, ಜೋಡಿ ಗಾಲಿಗಳ ನಡುವೆ ಸಿಕ್ಕ ಕಲ್ಲುಗಳನ್ನು ತೆಗೆಯುವುದು.

ಪ್ರತಿ ವಾರ: ಪಾರ್ಶ್ವಭಾಗದ ಸೀಳು ಮತ್ತು ಉಬ್ಬುಗಳ ಪರೀಕ್ಷೆ, ನಟ್ಟುಗಳ ಬಿಗಿ.

ಪ್ರತಿ ತಿಂಗಳು: ಸವೆತದ ಅಳತೆ, ಹೆಚ್ಚುವರಿ ಟೈರಿನ ಗಾಳಿ, ಹಬ್ಬಿನ ಬೇರಿಂಗು ಅಲುಗಾಡುತ್ತಿದೆಯೇ ಎಂಬ ಪರೀಕ್ಷೆ.

ಚಾಲಕನು ಸಹಿ ಮಾಡುವ ಒಂದು ಪುಟ್ಟ ವಹಿ ಇದಕ್ಕೆ ಸಾಕು. "ಈ ಟೈರಿನಲ್ಲಿ ಇಂದು ಹೋಗಲಾಗದು" ಎಂದು ಚಾಲಕನು ವಹಿಯಲ್ಲಿ ಬರೆದ ದಿನ, ವಾಹನ ಹೊರಡಲೇಬೇಕೆಂದು ಯಾರೂ ಒತ್ತಾಯಿಸಬಾರದು. ಅಂತಹ ದಿನಕ್ಕಾಗಿ ಬದಲಿ ಟ್ಯಾಂಕರಿನ ಏರ್ಪಾಡನ್ನು ಪಂಚಾಯಿತಿಯು ಬೇಸಿಗೆಗೆ ಮುಂಚೆಯೇ ಗೊತ್ತುಮಾಡಿಕೊಂಡಿರಬೇಕು. ಚಾಲಕನ ಮಾತಿಗೆ ಈ ಬೆಲೆ ದೊರೆಯದಿದ್ದರೆ ವಹಿಯಲ್ಲಿ ಪ್ರತಿದಿನವೂ "ಸರಿಯಿದೆ" ಎಂಬ ಪದವೇ ಉಳಿಯುತ್ತದೆ.

11. ಸಭೆಯಲ್ಲಿ ಚರ್ಚಿಸಬೇಕಾದ ಪ್ರಶ್ನೆಗಳು

1) ಪಂಚಾಯಿತಿಯ ಟ್ರೈಲರಿನ ಭರ್ತಿ ತೂಕ ಎಷ್ಟು? ಕೊನೆಯ ಬಾರಿ ತೂಗಿಸಿದ್ದು ಯಾವಾಗ?

2) ನೋಂದಣಿ ಪ್ರಮಾಣಪತ್ರದ ತೂಕಕ್ಕೂ ವಾಸ್ತವ ತೂಕಕ್ಕೂ ವ್ಯತ್ಯಾಸವಿದೆಯೇ?

3) ಈಗಿರುವ ಟೈರುಗಳ ಭಾರ ಸೂಚ್ಯಂಕ ಎಷ್ಟು? ಒಂದು ಟೈರಿನ ಪಾಲಿನ ಭಾರಕ್ಕೆ ಕಾಲು ಭಾಗ ಮೀಸಲು ಉಳಿಯುತ್ತದೆಯೇ?

4) ಟೈರುಗಳು ಯಾವ ವರ್ಷ, ಯಾವ ವಾರದಲ್ಲಿ ತಯಾರಾದವು?

5) ಚಾಲಕನ ಬಳಿ ಒತ್ತಡ ಮಾಪಕ ಇದೆಯೇ? ಗಾಳಿ ತುಂಬಿಸುವ ಅಂಗಡಿಯಲ್ಲಿ ಪಂಜರ ಇದೆಯೇ?

6) ಬಾಡಿಗೆ ಟ್ಯಾಂಕರುಗಳ ಕರಾರಿನಲ್ಲಿ ಟೈರಿನ ಷರತ್ತು ಸೇರಿದೆಯೇ?

ಈ ಪ್ರಶ್ನೆಗಳಿಗೆ ಉತ್ತರ ಕಂಡುಕೊಳ್ಳಲು ಒಂದು ವೇ-ಬ್ರಿಡ್ಜ್ ಚೀಟಿ, ಒಂದು ನೋಂದಣಿ ಪ್ರಮಾಣಪತ್ರ ಮತ್ತು ಟ್ರೈಲರಿನ ಸುತ್ತ ಹತ್ತು ನಿಮಿಷದ ನಡಿಗೆ ಸಾಕಾಗುತ್ತದೆ. ಬೇಸಿಗೆಯ ಟ್ಯಾಂಕರ್ ಕೆಲಸ ಆರಂಭವಾಗುವ ಮುನ್ನ ಪ್ರತಿಯೊಂದು ಗ್ರಾಮ ಪಂಚಾಯಿತಿಯೂ ಈ ನಡಿಗೆಯನ್ನು ಕೈಗೊಂಡು, ಕಂಡುಬಂದ ಸಂಗತಿಗಳನ್ನು ಸಾಮಾನ್ಯ ಸಭೆಯ ನಡವಳಿಯಲ್ಲಿ ದಾಖಲಿಸುವುದು ಅಪೇಕ್ಷಣೀಯ.